ಮೂರು ತಿಂಗಳ ವೈದ್ಯರು, ಹನ್ನೆರಡು ತಿಂಗಳ ಕಾಯಿಲೆ

ನೇಪಾಳದ ಗುಡ್ಡಗಾಡಿಗೆ ವಿದೇಶಿ ವೈದ್ಯರು ಬಂದ ಕಥೆ ಶುರುವಾಗುವುದು ಹಕ್ಕಿಗಳಿಂದ. ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯಲ್ಲಿ ಮೇಷ್ಟರಾಗಿದ್ದ ಅಮೆರಿಕದ ರಾಬರ್ಟ್ ಫ್ಲೆಮಿಂಗ್ ಅವರಿಗೆ ಪಕ್ಷಿಶಾಸ್ತ್ರದ ಗೀಳು. ಹೊರಗಿನವರಿಗೆ ನೇಪಾಳದ ಬಾಗಿಲು ಇನ್ನೂ ಪೂರ್ತಿ ತೆರೆದಿರದ ಕಾಲದಲ್ಲಿ, 1949ರಲ್ಲಿ, ಹಕ್ಕಿಗಳ ಮಾದರಿ ಸಂಗ್ರಹಿಸಲು ಅನುಮತಿ ಪಡೆದು ಅವರು ಅಲ್ಲಿಗೆ ಹೋದರು. ಎರಡು ವರ್ಷದ ನಂತರ ಮತ್ತೆ ಹೊರಟಾಗ ವೈದ್ಯೆಯಾಗಿದ್ದ ಹೆಂಡತಿ ಬೆಥೆಲ್ ಜೊತೆಗಿದ್ದರು, ಕಾರ್ಲ್ ಫ್ರೆಡರಿಕ್ಸ್ ಎಂಬ ಮಿಷನರಿ ವೈದ್ಯರೂ ಇದ್ದರು. ತಾನ್‌ಸೇನ್ ಪಟ್ಟಣದ ಸುತ್ತ ಫ್ಲೆಮಿಂಗ್ ಹಕ್ಕಿ ಹುಡುಕಿದರು, ವೈದ್ಯರು ರೋಗಿಗಳನ್ನು ನೋಡಿದರು. 1954ರಲ್ಲಿ ಯುನೈಟೆಡ್ ಮಿಷನ್ ಟು ನೇಪಾಳ್ ಹುಟ್ಟಿತು. ತಾನ್‌ಸೇನ್ ಆಸ್ಪತ್ರೆ, ಕಠ್ಮಂಡು ಕಣಿವೆಯ ರಾಣಾ ಅರಮನೆಯೊಂದರಲ್ಲಿ ತೆರೆದ ಶಾಂತಾ ಭವನ ಆಸ್ಪತ್ರೆ, ಅದರ ಮುಂದುವರಿಕೆಯಾಗಿ 1982ರಲ್ಲಿ ಬಂದ ಪಾಟನ್ ಆಸ್ಪತ್ರೆ ಎಲ್ಲವೂ ಆ ಮಿಷನ್ನಿನಿಂದಲೇ ಬಂದವು.

ಬೆಟ್ಟ ನೋಡುವ ಆಸೆಗೂ ರೋಗಿಗಳನ್ನು ನೋಡುವ ಕೆಲಸಕ್ಕೂ ಅಂದು ಬಿದ್ದ ಗಂಟು ಇಂದಿಗೂ ಬಿಚ್ಚಿಲ್ಲ, ಅದರ ರೂಪ ಮಾತ್ರ ಬದಲಾಗಿದೆ. ಒಂದು ವಾರ ಹಳ್ಳಿಯಲ್ಲಿ ಆರೋಗ್ಯ ಶಿಬಿರ, ಇನ್ನೊಂದು ವಾರ ಅನ್ನಪೂರ್ಣಾ ಇಲ್ಲವೇ ಎವರೆಸ್ಟ್ ಕಡೆಗೆ ಚಾರಣ, ಎರಡಕ್ಕೂ ಸೇರಿಸಿ ಒಂದೇ ಶುಲ್ಕ. ವೈದ್ಯಕೀಯ ವಿದ್ಯಾರ್ಥಿಗಳು, ರಜೆ ಹಾಕಿ ಬರುವ ತಜ್ಞರು, ನಿವೃತ್ತ ನರ್ಸುಗಳು ಇದಕ್ಕೆ ದುಡ್ಡು ಕೊಟ್ಟು ಹೆಸರು ನೋಂದಾಯಿಸುತ್ತಾರೆ. ಅವರ ಕಾಳಜಿಯನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ಕಾಳಜಿಯನ್ನು ಅಳೆದು ಸೇವೆಗೆ ಅಂಕ ಕೊಡಲಾಗದು. ವೈದ್ಯರು ಇರುವಷ್ಟು ಕಾಲಕ್ಕೂ ಅವರು ಮುಟ್ಟುವ ಕಾಯಿಲೆ ಕೇಳುವಷ್ಟು ಕಾಲಕ್ಕೂ ಹೊಂದಿಕೆ ಇದೆಯೇ ಎಂದು ನೋಡಬೇಕು. ಈ ಒಂದು ಪ್ರಶ್ನೆಯನ್ನಿಟ್ಟು ನೋಡಿದರೆ ನೇಪಾಳದ ಸ್ವಯಂಸೇವೆಯಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದು ಬೇರೆಯಾಗಿ ಕಾಣುತ್ತದೆ.

ಹೊಂದಿಕೆ ಚೆನ್ನಾಗಿ ಕೂಡಿಬಂದ ಜಾಗವೆಂದರೆ ಎವರೆಸ್ಟ್ ದಾರಿಯಲ್ಲಿ 4,243 ಮೀಟರ್ ಎತ್ತರದಲ್ಲಿರುವ ಫೆರಿಚೆ. 1973ರಲ್ಲಿ ಸ್ಥಾಪನೆಯಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಇಲ್ಲಿ ಪುಟ್ಟದೊಂದು ಚಿಕಿತ್ಸಾಲಯ ನಡೆಸುತ್ತದೆ. ಚಾರಣಕ್ಕೆ ಜನ ಬರುವುದು ಮಳೆಗಾಲ ಮುಗಿದ ಮೇಲಿನ ಎರಡು ಮೂರು ತಿಂಗಳು ಮತ್ತು ವಸಂತದ ಎರಡು ಮೂರು ತಿಂಗಳು. ಸ್ವಯಂಸೇವಕ ವೈದ್ಯರು ಬಂದಿರುವುದೂ ಆಗಲೇ. ಇಲ್ಲಿನ ಮುಖ್ಯ ಕಾಯಿಲೆ ಎತ್ತರದ ಬೇನೆ. ಅದು ಚಾರಣಿಗರ ಜೊತೆಗೇ ಬಂದು ಅವರ ಜೊತೆಗೇ ಇಳಿದು ಹೋಗುವ ಕಾಯಿಲೆಯಾದ್ದರಿಂದ ಮೂರು ತಿಂಗಳ ವೈದ್ಯರು ಇಲ್ಲಿ ಸಾಕಾಗುತ್ತಾರೆ.

ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಧ್ಯಾಹ್ನ ಚಾರಣಿಗರನ್ನು ಕೂರಿಸಿಕೊಂಡು ಪಾಠ ಮಾಡುತ್ತಾರೆ: ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬೇಡಿ, ತಲೆನೋವಿದ್ದರೆ ಮೇಲೆ ಹತ್ತಬೇಡಿ, ಹೆಜ್ಜೆ ತಪ್ಪಿ ನಡೆಯುವವರನ್ನು ಕಾಯಿಸದೆ ಕೆಳಗಿಳಿಸಿ. ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿಕೊಂಡು ರಾತ್ರಿ ಯಾರನ್ನಾದರೂ ಹೊತ್ತು ತಂದರೆ ಗಾಮೋ ಚೀಲ ಹೊರಬರುತ್ತದೆ. ಆಳುದ್ದದ, ಗಾಳಿಯಾಡದ ಚೀಲ ಅದು. ರೋಗಿಯನ್ನು ಒಳಗೆ ಮಲಗಿಸಿ, ಜಿಪ್ ಎಳೆದು, ಕಾಲಿನ ಪಂಪಿನಿಂದ ಗಾಳಿ ತುಂಬುತ್ತಾರೆ. ಒಳಗಿನ ಒತ್ತಡ ಏರಿದಂತೆ ರೋಗಿ ಇದ್ದಲ್ಲೇ ಸಾವಿರಾರು ಅಡಿ ಕೆಳಗಿಳಿದಂತಾಗುತ್ತದೆ. ಚೀಲ ಉಬ್ಬಿತೆಂದು ಪಂಪು ನಿಲ್ಲಿಸುವಂತಿಲ್ಲ. ಒಳಗಿನ ಗಾಳಿ ಕೆಡದಿರಲು ಯಾರಾದರೊಬ್ಬರು ಆ ಚಳಿಯಲ್ಲಿ ಒಂದು ಗಂಟೆ ಒಂದೇ ಸಮನೆ ತುಳಿಯುತ್ತಲೇ ಇರಬೇಕು, ಪಾರದರ್ಶಕ ಕಿಂಡಿಯಿಂದ ರೋಗಿಯ ಮುಖ ನೋಡುತ್ತಲೇ ಇರಬೇಕು. ಚೀಲದಿಂದ ಕಾಯಿಲೆ ವಾಸಿಯಾಗುವುದಿಲ್ಲ. ಬೆಳಗಾಗುವವರೆಗೆ ಜೀವ ಹಿಡಿದಿಟ್ಟು, ಕೆಳಗಿಳಿಸಲು ಹೊತ್ತು ಸಿಗುವಂತೆ ಮಾಡುವುದಷ್ಟೇ ಅದರ ಕೆಲಸ.

ಫೆರಿಚೆಯಿಂದ ವೈದ್ಯವಿಜ್ಞಾನಕ್ಕೂ ಲಾಭವಾಗಿದೆ. ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು ಫೆರಿಚೆಯಲ್ಲಿ 278 ಚಾರಣಿಗರನ್ನು ಪರೀಕ್ಷಿಸಿ 1976ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಶೇಕಡಾ 53ರಷ್ಟು ಮಂದಿಗೆ ಎತ್ತರದ ಬೇನೆ ಕಾಣಿಸಿತ್ತು. ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರಲ್ಲಿ ಅದು ಹೆಚ್ಚಾಗಿತ್ತು, ಕೆಳಗಿನಿಂದ ನಡೆದುಬಂದವರಲ್ಲಿ ಕಡಿಮೆ. ಇಂದು ಬೆಂಗಳೂರಿನ ಚಾರಣಿಗರು ಎತ್ತರದ ಬೇನೆ ತಡೆಯುವ ಡಯಾಮಾಕ್ಸ್ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಬೇಸ್ ಕ್ಯಾಂಪಿಗೆ ಹೊರಡುವುದರ ಹಿಂದೆ ಈ ಬಗೆಯ ಅಧ್ಯಯನಗಳಿವೆ.

ಫೆರಿಚೆಗೆ ಇನ್ನೂ ಒಂದು ಗುಣವಿದೆ: ರೋಗಿಯನ್ನು ಹೆಲಿಕಾಪ್ಟರ್ ಹತ್ತಿಸಿದರೆ ವೈದ್ಯರಿಗೆ ಬಿಡಿಗಾಸೂ ಸಿಗುವುದಿಲ್ಲ. 2018ರಲ್ಲಿ ನೇಪಾಳ ಸರ್ಕಾರ ನಡೆಸಿದ ತನಿಖೆಯಲ್ಲಿ, ವಿಮೆ ಹಣಕ್ಕಾಗಿ ಅಗತ್ಯವಿಲ್ಲದ ಚಾರಣಿಗರನ್ನೂ ಹೆಲಿಕಾಪ್ಟರಿನಲ್ಲಿ ಸಾಗಿಸುವ ಜಾಲ ಬಯಲಿಗೆ ಬಂದಿತ್ತು. ಅಂಥ ದಾರಿಯಲ್ಲಿ ಲಾಭದ ಪಾಲಿಲ್ಲದ ವೈದ್ಯರೊಬ್ಬರು ‘ಇವರಿಗೆ ವಿಶ್ರಾಂತಿ ಸಾಕು’ ಎಂದು ಹೇಳಬಲ್ಲರೆಂದರೆ ಅದೇ ದೊಡ್ಡ ಸೇವೆ.

ಹಾಗೆಂದು ಫೆರಿಚೆಯದು ಕೊರತೆಯಿಲ್ಲದ ವ್ಯವಸ್ಥೆಯೇನಲ್ಲ. ಚಿಕಿತ್ಸಾಲಯ ಹುಟ್ಟಿದ್ದು ಹೊರಗಿನಿಂದ ಬರುವವರ ಸಲುವಾಗಿ, ಮೂಟೆ ಹೊರುವವರ ವಿಷಯ ಆಮೇಲೆ ಬಂತು. ಹಮಾಲರೆಲ್ಲ ಶೆರ್ಪಾಗಳು, ಎತ್ತರ ಅವರಿಗೆ ಲೆಕ್ಕಕ್ಕಿಲ್ಲ ಎಂಬ ನಂಬಿಕೆ ಚಾರಣಿಗರಲ್ಲಿ ಬೇರೂರಿದೆ. ನಿಜದಲ್ಲಿ ಅವರಲ್ಲಿ ಬಹಳಷ್ಟು ಮಂದಿ ಕೆಳಗಿನ ಗುಡ್ಡಗಳ ರಾಯ್, ತಮಾಂಗ್ ಮುಂತಾದ ಸಮುದಾಯದವರು. ಎತ್ತರ ಅವರಿಗೂ ಹೊಸದು, ಬೆನ್ನ ಮೇಲಿನ ಹೊರೆ ಬೇರೆ. ಕಾಯಿಲೆ ಬಿದ್ದ ಹಮಾಲರನ್ನು ಕೂಲಿ ಕೊಟ್ಟು ಒಂಟಿಯಾಗಿ ಕೆಳಕ್ಕೆ ಅಟ್ಟುವ ಪರಿಪಾಠದ ವಿರುದ್ಧ ದನಿಯೆತ್ತಿದ ಇಂಟರ್‌ನ್ಯಾಷನಲ್ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್ ಹುಟ್ಟಿದ್ದು 1997ರಲ್ಲಿ, ಅದೂ ಯುವ ಹಮಾಲನೊಬ್ಬ ಸತ್ತ ಮೇಲೆ.

ಇನ್ನೊಂದು ಮಾದರಿ, ಫೆರಿಚೆ ಇರುವ ಖುಂಬು ಸೀಮೆಯದೇ ಆದ ಖುಂದೆ ಆಸ್ಪತ್ರೆ. ಎಡ್ಮಂಡ್ ಹಿಲರಿ 1966ರಲ್ಲಿ ಇದನ್ನು ಕಟ್ಟಿಸಿದಾಗ ಶೆರ್ಪಾ ಹಳ್ಳಿಗಳಲ್ಲಿ ಗಳಗಂಡ ಮನೆಮನೆಯ ಮಾತಾಗಿತ್ತು. ಹಿಮನದಿ ಮತ್ತು ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗಿತ್ತು. ಟಿಬೆಟ್ಟಿನಿಂದ ಬರುವ ಉಪ್ಪಿನಲ್ಲೂ ಅದು ಇರಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದ, ಮಾತು ಬಾರದ, ಬುದ್ಧಿ ಬೆಳೆಯದ ಮಕ್ಕಳು ಹಲವರಿದ್ದರು. ಮೊದಲ ಸ್ವಯಂಸೇವಕ ವೈದ್ಯರು ಹಳ್ಳಿ ಹಳ್ಳಿಗೆ ನಡೆದು ಅಯೋಡಿನ್ ಬೆರೆತ ಎಣ್ಣೆಯ ಚುಚ್ಚುಮದ್ದು ಕೊಟ್ಟರು. ಒಮ್ಮೆ ಚುಚ್ಚಿದರೆ ಅದು ಕೆಲವು ವರ್ಷ ಮೈಯಲ್ಲಿ ನಿಲ್ಲುವ ಮದ್ದು. ಅದು ಮುಗಿಯುವ ಹೊತ್ತಿಗೆ ಮತ್ತೆ ಚುಚ್ಚಲು ಆಸ್ಪತ್ರೆ ಅಲ್ಲೇ ಇತ್ತು. ಹೊಸದಾಗಿ ಹುಟ್ಟುವ ಮಕ್ಕಳಲ್ಲಿ ಆ ತೊಂದರೆ ಕಾಣುವುದು ಹೆಚ್ಚುಕಡಿಮೆ ನಿಂತೇಹೋಯಿತು.

ನ್ಯೂಜಿಲೆಂಡ್ ಮತ್ತು ಕೆನಡಾದ ವೈದ್ಯರು ಒಬ್ಬರ ನಂತರ ಒಬ್ಬರು ಬಂದು ಇಲ್ಲಿ ವರ್ಷಗಟ್ಟಲೆ ಸಂಸಾರ ಹೂಡಿದರು. ಅವರ ಕೈಕೆಳಗೆ ಆರೋಗ್ಯ ಸಹಾಯಕರಾಗಿ ಸೇರಿದ ಕಾಮಿ ಟೆಂಬಾ ಶೆರ್ಪಾ ಮುಂದೆ ಫಿಜಿಯಲ್ಲಿ ವೈದ್ಯಕೀಯ ಓದಿ, ಈ ಶತಮಾನದ ಆರಂಭದಲ್ಲಿ ಅದೇ ಆಸ್ಪತ್ರೆಯ ಹೊಣೆ ಹೊತ್ತರು. ಸ್ವಯಂಸೇವಕರ ಸಾಲು ಅಲ್ಲಿಗೆ ನಿಂತಿತು. ಹಾಗೆ ನಿಂತದ್ದೇ ಖುಂದೆಯ ಸಾಧನೆ.

ಶಿಬಿರಗಳ ವಿಷಯ ಬೇರೆ. ಹಳ್ಳಿಯ ಶಾಲೆಯಲ್ಲಿ ಬೆಂಚು ಸರಿಸಿ, ಬ್ಯಾನರ್ ಕಟ್ಟಿ ಶುರುವಾಗುವ ಶಿಬಿರಕ್ಕೆ ಜನ ಗಂಟೆಗಟ್ಟಲೆ ನಡೆದು ಬರುತ್ತಾರೆ. ಮೊಣಕಾಲು ನೋವು, ಎದೆಯುರಿ, ಒಲೆಯ ಹೊಗೆ ಕುಡಿದು ಕುಡಿದು ಬಂದ ದಮ್ಮು, ರಕ್ತದೊತ್ತಡ. ದುಭಾಷಿಯ ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ನೋವಿನ ಕಥೆ ಅರ್ಧವಾಗುತ್ತದೆ. ಗುಡ್ಡ ಹತ್ತಿ ಬಂದು ಸಾಲಿನಲ್ಲಿ ನಿಂತ ಮುದುಕಿಯ ಬಿಪಿ ಒಂದೇ ಸಲ ನೋಡಿ ಅದು ಕಾಯಿಲೆಯೋ ಆಯಾಸವೋ ಎಂದು ಹೇಳುವುದು ಕಷ್ಟ. ಕಾಯಿಲೆಯೇ ಎಂದು ಒಂದು ತಿಂಗಳ ಮಾತ್ರೆ ಕೊಟ್ಟರೂ ಎರಡನೆಯ ತಿಂಗಳು ಕೇಳಬೇಕಾದವರು ಯಾರನ್ನು? ಶಿಬಿರದ ಚೀಟಿ ಹಳ್ಳಿಯ ಆರೋಗ್ಯ ಕೇಂದ್ರದ ದಾಖಲೆಗೆ ಸೇರದಿದ್ದರೆ ಆಕೆಗೆ ಕಾಯಿಲೆ ಇರುವುದು ಅಲ್ಲಿನ ಸಿಬ್ಬಂದಿಗೇ ತಿಳಿಯುವುದಿಲ್ಲ. ಇದು ಬಂದ ಪುಟ್ಟ, ಹೋದ ಪುಟ್ಟ ಎನ್ನುವಂಥ ವೈದ್ಯ.

ಗರ್ಭಕೋಶ ಜಾರುವ ಸಮಸ್ಯೆಯಲ್ಲಿ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಸಣ್ಣ ವಯಸ್ಸಿನ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಹೊರೆ ಕೆಲಸ, ಕಡಿದಾದ ದಾರಿ ಇವೆಲ್ಲ ಸೇರಿ ನೇಪಾಳದ ಗುಡ್ಡಗಳ ಹೆಣ್ಣುಮಕ್ಕಳನ್ನು ಇದು ಕಾಡಿದೆ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಸಂತಾನ ಸಂಬಂಧಿ ಹಕ್ಕಿನ ಪ್ರಶ್ನೆಯೆಂದೇ ಎತ್ತಿಹಿಡಿಯಿತು. ಶಿಬಿರದಲ್ಲಿ ಗರ್ಭಕೋಶಕ್ಕೆ ಆಸರೆಯಾಗಿ ರಿಂಗ್ ಹಾಕುವುದು ಸುಲಭ, ಕೆಲವು ನಿಮಿಷದ ಕೆಲಸ. ಆದರೆ ಅದನ್ನು ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ಹಾಕಬೇಕು, ಹುಣ್ಣಾಗಿದೆಯೇ ನೋಡಬೇಕು. ಹಾಕಿದವರು ಊರು ಬಿಟ್ಟಿದ್ದರೆ, ಹೇಳಿಕೊಳ್ಳಲು ನಾಚುವ ಹೆಂಗಸು ಸೋಂಕನ್ನೂ ಮುಚ್ಚಿಟ್ಟುಕೊಳ್ಳುತ್ತಾಳೆ. ಚಿಕಿತ್ಸೆಯೇ ಹೊಸ ಕಾಯಿಲೆಯಾಗುತ್ತದೆ.

‘ಏನೂ ಇಲ್ಲದ ಕಡೆ ಇಷ್ಟಾದರೂ ಆಗಲಿ’ ಎನ್ನುವುದು ಶಿಬಿರದ ಪರ ಹೇಳುವವರ ಮಾತು. ಆದರೆ ಅಲ್ಲಿ ಏನೂ ಇಲ್ಲ ಎನ್ನುವುದೇ ಸುಳ್ಳು. 1988ರಲ್ಲಿ ನೇಪಾಳ ಸರ್ಕಾರ ಆರಂಭಿಸಿದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರ ಪಡೆಯಲ್ಲಿ ಐವತ್ತು ಸಾವಿರದಷ್ಟು ಮಂದಿ ಇದ್ದಾರೆ. ವಾಂತಿಭೇದಿಗೆ ಓಆರ್‌ಎಸ್ ಕೊಡುವವರು, ಬಸುರಿಯರ ಮನೆಗೆ ಹೋಗುವವರು, ವರ್ಷಕ್ಕೆರಡು ಸಲ ಮಕ್ಕಳಿಗೆ ವಿಟಮಿನ್ ಎ ಹಾಕುವವರು ಇವರೇ. ತರಾಯಿ ಬಯಲಿನ ಸರ್ಲಾಹಿ ಜಿಲ್ಲೆಯಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಟಮಿನ್ ಎ ಕೊಟ್ಟ ಮಕ್ಕಳ ಸಾವು ಶೇಕಡಾ 30ರಷ್ಟು ತಗ್ಗಿತ್ತು. ಆ ಫಲವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದವರು ಸಂಬಳವಿಲ್ಲದ, ಸಣ್ಣಪುಟ್ಟ ಭತ್ಯೆಯ ಈ ಹೆಂಗಸರು. ಇವರನ್ನು ಕೇಳದೆ ನಡೆಯುವ ಶಿಬಿರ, ಊರಿನಲ್ಲಿರುವ ಆರೋಗ್ಯ ಕೇಂದ್ರಕ್ಕಿಂತ ವಿದೇಶಿಯರ ಮಾತ್ರೆಯೇ ಮೇಲು ಎಂಬ ಭ್ರಮೆಯನ್ನೂ ಬಿತ್ತಿ ಹೋಗುತ್ತದೆ.

ಶಿಬಿರವೆಂಬುದೇ ದಂಡವೇ ಎಂದರೆ, ಕಣ್ಣಿನ ಪೊರೆ ಅದಕ್ಕೆ ಉತ್ತರ. ಪೊರೆ ಒಂದು ಶಸ್ತ್ರಚಿಕಿತ್ಸೆಗೆ ಮುಗಿಯುವ ಕಾಯಿಲೆ. ಮರುದಿನ ಪಟ್ಟಿ ಬಿಚ್ಚಿದರೆ ನೋಟ ಬಂದಿರುತ್ತದೆ, ಆಮೇಲಿನ ಆರೈಕೆಯೂ ಕೆಲವು ವಾರದ್ದು. ಪೂರ್ವ ನೇಪಾಳದ ಟಿಬೆಟ್ ಗಡಿಯಂಚಿನ ಓಲಾಂಗ್‌ಚುಂಗೋಲಾದಲ್ಲಿ ಹುಟ್ಟಿ, ಲಖನೌ ಮತ್ತು ದೆಹಲಿಯಲ್ಲಿ ಓದಿದ ಸಂದುಕ್ ರುಯಿತ್ ಸೂಕ್ಷ್ಮದರ್ಶಕವನ್ನು ಹೊರಿಸಿಕೊಂಡು ಬೆಟ್ಟ ಹತ್ತಿ ಇಂಥ ಶಿಬಿರ ನಡೆಸಿದವರು. ಆಸ್ಟ್ರೇಲಿಯಾದ ನೇತ್ರತಜ್ಞ ಫ್ರೆಡ್ ಹಾಲೋಸ್ ಅವರ ಸ್ನೇಹದ ಬಲ ಬೆನ್ನಿಗಿತ್ತು. 1994ರಲ್ಲಿ ಕಠ್ಮಂಡುವಿನಲ್ಲಿ ತಿಲಗಂಗಾ ಕೇಂದ್ರ ತೆರೆದು ಕಣ್ಣೊಳಗಿನ ಮಸೂರವನ್ನು ಅಲ್ಲೇ ತಯಾರಿಸತೊಡಗಿದರು. ಹೊರಗಿನಿಂದ ತರಿಸಿದರೆ ನೂರು ಡಾಲರ್ ಮೀರುತ್ತಿದ್ದದ್ದು ಐದು ಡಾಲರಿನ ಆಸುಪಾಸಿಗೆ ಇಳಿಯಿತು. ಮದುರೆಯ ಅರವಿಂದ ಆಸ್ಪತ್ರೆಯ ಆರೋಲ್ಯಾಬ್ ಎರಡು ವರ್ಷ ಮೊದಲೇ ಇದೇ ದಾರಿ ಹಿಡಿದಿತ್ತು. ವಿದೇಶಿ ನೆರವು ಇಲ್ಲಿ ಕಾರ್ಖಾನೆಯಾಗಿ, ತರಬೇತಿಯಾಗಿ ಊರಿನಲ್ಲೇ ಉಳಿಯಿತು.

ಕನ್ನಡನಾಡಿನ ನಂಟೂ ಇದೇ ಬಗೆಯದು. ಮಣಿಪಾಲದ ಸಂಸ್ಥೆ 1994ರಲ್ಲಿ ಪೊಖರಾದಲ್ಲಿ ತೆರೆದ ವೈದ್ಯಕೀಯ ಕಾಲೇಜು ದತ್ತಿಯಲ್ಲ, ಶುಲ್ಕ ಪಡೆದು ಕಲಿಸುವ ಕಾಲೇಜು. ಆದರೂ ಅಲ್ಲಿ ಓದಿ ಹೊರಬಿದ್ದವರು ವೈದ್ಯರಾಗಿಯೇ ಹೊರಬಿದ್ದರು. ಅನ್ನಪೂರ್ಣಾದ ತಪ್ಪಲಿನಲ್ಲಿ ಹೀಗೆ ಉಳಿದ ಲಾಭವನ್ನು ಒಂದು ವಾರದ ಉಚಿತ ಶಿಬಿರ ಸರಿಗಟ್ಟಲಾರದು.

ಹೀಗೆ ಊರಿನಲ್ಲೇ ಉಳಿದ ನೆರವಿಗೆ ಇನ್ನೊಂದು ಉದಾಹರಣೆಯಿದೆ. 2002ರಲ್ಲಿ ಅಮೆರಿಕದ ಯುವಕನೊಬ್ಬ ಪಾಟನ್ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗಿದ್ದ. ಗಣಿತಜ್ಞ ಹಾಗೂ ಹೂಡಿಕೆದಾರ ಜೇಮ್ಸ್ ಸೈಮನ್ಸ್ ಅವರ ಮಗ ನಿಕ್. ಮರುವರ್ಷ ಬಾಲಿಯಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ. ಮಗನ ನೆನಪಿಗೆ ತಂದೆ ತಾಯಿ ಕಟ್ಟಿದ ನಿಕ್ ಸೈಮನ್ಸ್ ಇನ್‌ಸ್ಟಿಟ್ಯೂಟ್ ವಿದೇಶಿ ಸ್ವಯಂಸೇವಕರನ್ನು ತುಂಬುವ ದಾರಿ ಹಿಡಿಯಲಿಲ್ಲ. ಜಿಲ್ಲಾ ಆಸ್ಪತ್ರೆಗಳಿಗೆ ಬೇಕಾದ ಅರಿವಳಿಕೆ ಸಹಾಯಕರನ್ನು, ಹೆರಿಗೆ ಮಾಡಿಸುವ ನರ್ಸುಗಳನ್ನು, ಕೆಟ್ಟ ಎಕ್ಸ್‌ರೇ ಯಂತ್ರವನ್ನೂ ಆಮ್ಲಜನಕದ ಯಂತ್ರವನ್ನೂ ರಿಪೇರಿ ಮಾಡುವ ತಂತ್ರಜ್ಞರನ್ನು ನೇಪಾಳಿಗಳಿಂದಲೇ ತಯಾರು ಮಾಡುತ್ತಿದೆ.

ಎರಡು ವಾರದ ರಜೆಯಷ್ಟೇ ಕೈಯಲ್ಲಿರುವ ವೈದ್ಯರಿಗೆ ಇವೆಲ್ಲದರಿಂದ ಸಿಗುವ ಉತ್ತರ ರುಚಿಸಲಿಕ್ಕಿಲ್ಲ. ಕಲಿಸುವ ವಿದ್ಯೆಯೊಂದಿದ್ದರೆ, ಕರೆಯುವ ಆಸ್ಪತ್ರೆಯೊಂದಿದ್ದರೆ, ನೇಪಾಳ ಮೆಡಿಕಲ್ ಕೌನ್ಸಿಲ್ಲಿನ ತಾತ್ಕಾಲಿಕ ನೋಂದಣಿ ಪಡೆದು ಹೋಗಬಹುದು. ಅವು ಇಲ್ಲದಿದ್ದರೆ ಬರೀ ಚಾರಣಿಗರಾಗಿ ಹೋಗುವುದೇ ಲೇಸು: ಮೂಟೆ ಹೊರುವವರಿಗೆ ವಿಮೆ, ಬೂಟು, ಬೆಚ್ಚನೆಯ ಕೋಟು ಇದೆಯೇ ಎಂದು ಏಜೆನ್ಸಿಯನ್ನು ಮೊದಲೇ ಕೇಳಿ, ಹೊರೆಯ ಮಿತಿಯನ್ನು ಬರವಣಿಗೆಯಲ್ಲಿ ಪಡೆದು, ಅವರಲ್ಲಿ ಯಾರಾದರೂ ತಲೆನೋವೆಂದ ದಿನ ಇಡೀ ತಂಡವನ್ನು ನಿಲ್ಲಿಸುವ ವೈದ್ಯರಾಗಿ.