ಎದುರಾಳಿಯ ಪಾಳಿಗೆ ಕೈ ಹಾಕುವ ಬೆಲೆ

ಪಾಳಿಯ ಮೇಲೆ ನಡೆಯುವ ಆಟಗಳಿಗೆಲ್ಲ ಒಂದು ಪ್ರಶ್ನೆ ಇದ್ದೇ ಇದೆ: ಒಬ್ಬ ಆಡುವಾಗ ಉಳಿದವರು ಏನು ಮಾಡಬೇಕು? ಕುಂದಗೋಳ ತಾಲ್ಲೂಕಿನ ನಮ್ಮ ಸಂಶಿಯ ಕಡೆ ಆಡುವ ಎರಡು ಆಟಗಳು ಇದಕ್ಕೆ ಎರಡು ತುದಿಯ ಉತ್ತರ ಕೊಡುತ್ತವೆ. ಚೌಕಾಬಾರದಲ್ಲಿ ಸುಮ್ಮನೆ ಕಾಯಬೇಕು. ಚೌಕಾ ಅಥವಾ ಬಾರಾ ಬಿದ್ದವ ಮತ್ತೆ ಕವಡೆ ಹಾಕುತ್ತಾನೆ, ಎದುರಿನ ಕಾಯಿ ಕಡಿದರೆ ಇನ್ನೊಮ್ಮೆ ಹಾಕುತ್ತಾನೆ. ಕಡಿಸಿಕೊಂಡವ ತನ್ನ ಪಾಳಿ ಬರುವತನಕ ಏನೂ ಮಾಡುವಂತಿಲ್ಲ. ಕಬಡ್ಡಿಯಲ್ಲಿ ಇದು ತಿರುಗುಮುರುಗು. ದಾಳಿ ಒಬ್ಬನದು, ಆ 30 ಸೆಕೆಂಡಿನೊಳಗೆ ಅವನನ್ನು ಕೆಡವುವುದು ಎದುರಿನ ಏಳು ಮಂದಿಯ ಕೆಲಸ.

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಈ ಎರಡು ತುದಿಗಳ ನಡುವೆ ದಾರಿ ಹುಡುಕಿದ ಆಟ ಅದು. ಇಂದಿನ ನಿಯಮದಂತೆ ಅಲ್ಲಿನ ಕಾಳಗದ ಒಂದು ಸುತ್ತು ಎಂದರೆ 6 ಸೆಕೆಂಡು. ಕತೆಯೊಳಗೆ ಎಲ್ಲರೂ ಒಮ್ಮೆಲೇ ಬಡಿದಾಡುತ್ತಿರುತ್ತಾರೆ, ಮೇಜಿನ ಮೇಲೆ ಮಾತ್ರ ಒಬ್ಬರಾದ ಮೇಲೆ ಒಬ್ಬರು. ಈ ಅಂತರ ತುಂಬಲು ಎದುರಾಳಿಯ ಪಾಳಿಗೆ ಕೈ ಹಾಕುವ ನಿಯಮಗಳು ಬೇಕಾದವು. 2000ದ ಮೂರನೇ ಆವೃತ್ತಿಯಲ್ಲಿ ಪಕ್ಕದ ವೈರಿ ಮಂತ್ರ ಹಾಕಿದರೂ, ಮದ್ದು ಕುಡಿದರೂ, ಸರಿದು ಹೋದರೂ ಹೊಡೆಯಬಹುದಿತ್ತು; ಯಾವಾಗ ಹೊಡೆಯಬಹುದು ಎಂದು ತಿಳಿಯಲು ಒಂದು ಕೋಷ್ಟಕವನ್ನೇ ನೋಡಬೇಕಿತ್ತು. 2008ರ ನಾಲ್ಕನೇ ಆವೃತ್ತಿ ಅಡ್ಡಗಟ್ಟುವುದರಲ್ಲೇ ಬಗೆಗಳನ್ನು ಮಾಡಿತು: ಎದುರಾಳಿಯ ಕೆಲಸ ಮುಗಿಯುವ ಮೊದಲೇ ನುಗ್ಗುವುದು ಒಂದು, ಮುಗಿದ ಮೇಲೆ ತಿರುಗಿ ಬೀಳುವುದು ಇನ್ನೊಂದು. 2014ರ ಐದನೆಯದು ಇದನ್ನೆಲ್ಲ ‘ರಿಯಾಕ್ಷನ್’ ಎಂಬ ಒಂದೇ ಹೆಸರಿನಡಿ ತಂದು, ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದೇ ಎಂದು ಕಟ್ಟು ಹಾಕಿತು. ಆಟದ ಓಟಕ್ಕೆ ಇದರಿಂದ ದೊಡ್ಡ ಉಪಕಾರವಾಗಿದೆ.

ಆದರೆ ನಿಯಮ ಸರಳವಾದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ಇದರಲ್ಲಿ ಹೆಚ್ಚು ಬಳಕೆಯಾಗುವುದು ‘ಆಪರ್ಚುನಿಟಿ ಅಟ್ಯಾಕ್’. ಕೈಯಳತೆಯಲ್ಲಿದ್ದ ವೈರಿ ದೂರ ಸರಿಯಹೊರಟರೆ, ಅವನು ದಾಟುವ ಮೊದಲೇ ಒಂದು ಏಟು ಹಾಕಬಹುದು. ನಿಂತ ಜಾಗಕ್ಕೆ ಇದು ಬೆಲೆ ತರುತ್ತದೆ; ಮುಂದೆ ನಿಂತ ಕತ್ತಿಯವನಿಂದ ಹಿಂದಿನ ಮಂತ್ರಗಾರನಿಗೆ ಒಂದಿಷ್ಟು ರಕ್ಷಣೆ ಸಿಗುತ್ತದೆ. ಕೊರತೆ ಇರುವುದು ಏಟು ಹಾಕುವವನ ಕಡೆ. ಏಟು ತಪ್ಪಿದರೂ ಅವನ ಕೈಯಿಂದ ಹೋಗುವುದು ಆ ಸುತ್ತಿನ ರಿಯಾಕ್ಷನ್ ಒಂದೇ, ಅದೂ ಮುಂದಿನ ಪಾಳಿಗೆ ತಾನಾಗಿ ಮರಳುತ್ತದೆ. ಹೀಗಾಗಿ ಹೊಡೆಯಬೇಕೋ ಬೇಡವೋ ಎಂದು ಯಾರೂ ಹೆಚ್ಚು ಯೋಚಿಸುವುದಿಲ್ಲ. ಸರಿಯಬೇಕಾದವನೊಬ್ಬನೇ ಯೋಚಿಸುತ್ತಾನೆ, ಯೋಚಿಸಿ ನಿಂತಲ್ಲೇ ನಿಲ್ಲುತ್ತಾನೆ. ಓಡಾಟವಿರಬೇಕಾದ ಕಾಳಗ ಜಡವಾಗುತ್ತದೆ.

ಕಬಡ್ಡಿಯ ನಿಯಮ ಗಟ್ಟಿಯಾಗಿರುವುದು ಇಲ್ಲೇ. ಮೂವರು ಸೇರಿ ದಾಳಿಗಾರನನ್ನು ಹಿಡಿದರು, ಅವನು ಎಳೆದಾಡಿ ನಡುಗೆರೆ ಮುಟ್ಟಿಬಿಟ್ಟ ಎಂದರೆ ಮುಟ್ಟಿದ ಮೂವರೂ ಔಟ್. ಕೈ ಹಾಕಿದವ ತನ್ನನ್ನೇ ಪಣಕ್ಕಿಟ್ಟಿರುತ್ತಾನೆ. ಮೂರೇ ಜನ ಅಥವಾ ಇನ್ನೂ ಕಡಿಮೆ ಉಳಿದಾಗ ಹಿಡಿದರೆ ‘ಸೂಪರ್ ಟ್ಯಾಕಲ್’ ಎಂದು ಒಂದು ಪಾಯಿಂಟು ಹೆಚ್ಚಿಗೆ ಸಿಗುವುದೂ ಇದೇ ಲೆಕ್ಕದಿಂದ. ಅಪಾಯ ಹೆಚ್ಚಿದಷ್ಟು ಫಲವೂ ಹೆಚ್ಚು. ಆದ್ದರಿಂದಲೇ ಹಿಡಿಯುವವರ ಹಿಂಜರಿಕೆಯೂ ಆಟದ ಭಾಗವಾಗಿ, ನೋಡುವವರ ಉಸಿರು ಬಿಗಿಹಿಡಿಸುತ್ತದೆ.

ಈ ಅಳತೆಗೋಲಿನಲ್ಲಿ ನೋಡಿದರೆ, ಎದುರಾಳಿಯ ಮಂತ್ರವನ್ನು ಹಾಕುವಾಗಲೇ ಕೆಡಿಸುವ ‘ಕೌಂಟರ್‌ಸ್ಪೆಲ್’ 2014ರ ರೂಪದಲ್ಲಿ ತೀರ ಒರಟು. ಮೂರನೇ ಹಂತದವರೆಗಿನ ಯಾವ ಮಂತ್ರವೂ ದಾಳ ಉರುಳದೆಯೇ ಕೆಟ್ಟುಹೋಗುತ್ತಿತ್ತು. ಎಲ್ಲರ ಪಾಳಿ ಮುಗಿಯಲೆಂದು ಕಾದವ ತನ್ನ ಪಾಳಿಯನ್ನೂ ಮಂತ್ರಶಕ್ತಿಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದ. ಕೆಡಿಸಿದವನೂ ಮಂತ್ರಶಕ್ತಿ ತೆರುತ್ತಿದ್ದ ನಿಜ. ಆದರೆ ಅದು ಖರ್ಚು, ಅಪಾಯವಲ್ಲ. 2024ರ ಪರಿಷ್ಕರಣೆ ಇದನ್ನು ತಿದ್ದಿದೆ. ಈಗ ಎದುರಾಳಿಗೆ ದಾಳ ಹಾಕಿ ತಪ್ಪಿಸಿಕೊಳ್ಳುವ ಅವಕಾಶವಿದೆ, ಸೋತರೂ ಮಂತ್ರಶಕ್ತಿ ಅವನಲ್ಲೇ ಉಳಿಯುತ್ತದೆ. ಬಹಳ ಹಿಂದೆಯೇ ಆಗಬೇಕಿದ್ದ ತಿದ್ದುಪಡಿ ಇದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಜನ ಕಡೆಗಣಿಸುವ ‘ರೆಡಿ’ ನಿಯಮ. ತನ್ನ ಪಾಳಿಯಲ್ಲಿ ಹೊಡೆಯದೆ, “ಅವನು ಬಾಗಿಲು ತೆರೆದರೆ ಬಾಣ ಬಿಡುತ್ತೇನೆ” ಎಂದು ಮೊದಲೇ ಹೇಳಿ ಕಾಯುವುದು. ಅವನು ಬಾಗಿಲ ಕಡೆ ಬರಲೇ ಇಲ್ಲವೆಂದರೆ ಆ ಸುತ್ತಿನ ಹೊಡೆತ ವ್ಯರ್ಥ. ಕಬಡ್ಡಿಯಲ್ಲಿ ದಾಳಿಗಾರ ಯಾವ ಕಡೆ ತಿರುಗುತ್ತಾನೆಂದು ಅಂದಾಜಿಸಿ ಕಾಲು ಹಿಡಿಯಲು ಹೊಂಚುವ ಮೂಲೆಯ ಆಟಗಾರನ ಕೆಲಸವೇ ಇದು. ಎದುರಾಳಿಯನ್ನು ಓದಬೇಕು, ಓದಿದ್ದು ತಪ್ಪಾದರೆ ಕಳೆದುಕೊಳ್ಳಬೇಕು. ಇಷ್ಟು ನ್ಯಾಯವಾದ ನಿಯಮಕ್ಕೂ ಒಂದು ಕೊರತೆ ಇದೆ: ಎದುರಾಳಿಯ ಕೆಲಸ ಮುಗಿದ ಮೇಲಷ್ಟೇ ಇದು ನಡೆಯುತ್ತದೆ. ಬಾಣ ಬಿಡಬಹುದು, ಬಾಗಿಲು ತೆರೆಯದಂತೆ ತಡೆಯಲಾಗದು. ಹೆಚ್ಚು ಬೆಲೆ ತೆರುವವನಿಗೆ ಕಡಿಮೆ ಫಲ, ಏನೂ ತೆರದವನಿಗೆ ಪುಕ್ಕಟೆ ಏಟು. ತಕ್ಕಡಿ ತಪ್ಪಾದ ಕಡೆ ವಾಲಿದೆ.

ಇದೇ ಬಗೆಯ ‘ಪಾತ್‌ಫೈಂಡರ್’ ಆಟದ 2019ರ ಎರಡನೇ ಆವೃತ್ತಿ ಸರಿಯುವವನಿಗೆ ಹೊಡೆಯುವ ಹಕ್ಕನ್ನು ಎಲ್ಲರಿಂದ ಹಿಂತೆಗೆದು, ಮುಖ್ಯವಾಗಿ ಯೋಧನ ವಿದ್ಯೆಯಾಗಿಸಿತು. ಅದರಿಂದ ಓಡಾಟ ಮರಳಿತು, ಆದರೆ ಏಟು ಹಾಕುವವನ ತಲೆಗೆ ಹೊಣೆ ಬರಲಿಲ್ಲ. ನನ್ನ ಸಲಹೆ ಕಬಡ್ಡಿಯದು. ಎಲ್ಲರಿಗೂ ಹಕ್ಕಿರಲಿ, ಏಟು ತಪ್ಪಿದರೆ, ಸರಿದು ಹೋದವನ ಮುಂದಿನ ಹೊಡೆತಕ್ಕೆ ಆ ಏಟು ಹಾಕಿದವನ ಮೇಲೆ ಅನುಕೂಲ ಸಿಗಲಿ. ಆಗ ಮೇಜಿನ ಎರಡೂ ಕಡೆ ಯೋಚನೆ ಹುಟ್ಟುತ್ತದೆ. ಇನ್ನೊಬ್ಬರ ಪಾಳಿಯನ್ನು ಮುರಿಯುವ ಹಕ್ಕು ಬೇಕೆನ್ನುವವನು ತನ್ನದೂ ಏನನ್ನಾದರೂ ಪಣಕ್ಕಿಡಲೇಬೇಕು.