ಮಿದುಳಿನ ಪ್ರೋಟೀನು ಮತ್ತು ಕೊಬ್ಬುಗೂಡಿದ ಯಕೃತ್ತು: ಒಂದು ಆಧಾರವಿಮರ್ಶೆ

ನರಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನಿಗೂ, ಯಕೃತ್ತಿನಲ್ಲಿ, ಎಂದರೆ ಆಡುಮಾತಿನ ಲಿವರಿನಲ್ಲಿ, ಕೊಬ್ಬು ಸಂಚಯವಾಗುವ ರೋಗಕ್ಕೂ ಸಂಬಂಧವುಂಟೆಂಬ ವಾದ ವೈದ್ಯವಿಜ್ಞಾನದಲ್ಲಿ ನಡೆದಿದೆ. ಇದರಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸವೆಂದು ವಾಚಕರು ಕೇಳಬಹುದು. ರೋಗನಿರ್ಣಯ ನಮ್ಮದಲ್ಲ, ಆದರೆ ಸಾಕ್ಷ್ಯವು ಎಲ್ಲಿಂದ ಬಂದಿತು, ಎಷ್ಟನ್ನು ಹೇಳಬಲ್ಲದು ಎಂಬ ವಿಚಾರಣೆ ಎರಡು ಶಾಸ್ತ್ರಗಳಿಗೂ ಸಮಾನವಾದುದು.

ಮೊದಲು ಹೆಸರನ್ನು ಪರಿಶೀಲಿಸೋಣ. 1982ರಲ್ಲಿ ಬಾರ್ಡ್, ಎಡ್ಗರ್, ಥೋನೆನ್ ಎಂಬ ವಿಜ್ಞಾನಿಗಳು ಈ ಪ್ರೋಟೀನನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ‘ಮಿದುಳುಜನ್ಯ’ವೆಂಬ ವಿಶೇಷಣ ಅದಕ್ಕೆ ಅಂಟಿಕೊಂಡುದು ಹೀಗೆ. 1904ರಲ್ಲಿ ಪ್ರಕಟವಾದ ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ಅವು ದೊರೆತ ತಾಲ್ಲೂಕಿಗನುಸಾರವಾಗಿ ಸಂಖ್ಯೆ ಕೊಟ್ಟಿದೆ. ಗುಬ್ಬಿಯ ಸಂಖ್ಯೆಯುಳ್ಳ ಶಾಸನದ ವಿಷಯ ಗುಬ್ಬಿಗೇ ಸೀಮಿತವೆಂದು ನಮ್ಮ ವಿದ್ಯಾರ್ಥಿಗಳಾರೂ ಹೇಳರು. ಅಂತೆಯೇ ಈ ಪ್ರೋಟೀನಿನ ಹೆಸರೂ ದೊರೆತ ಸ್ಥಳದ ಗುರುತು ಮಾತ್ರ. ಅದು ಸ್ನಾಯುಗಳಲ್ಲಿಯೂ ಹುಟ್ಟುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣಗಳಲ್ಲಿ ಶೇಖರವಾಗಿರುತ್ತದೆ.

ಎರಡನೆಯದು ಅಳತೆಯ ಪ್ರಶ್ನೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿರುವ ಪ್ರೋಟೀನನ್ನು ಹೊರಗೆಡಹುತ್ತವೆ. ಆದುದರಿಂದ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಂನಲ್ಲಿ ಅದರ ಪ್ರಮಾಣ ಹೆಚ್ಚು. ಹೆಪ್ಪುಗಟ್ಟದಂತೆ ತೆಗೆದ ಪ್ಲಾಸ್ಮಾದಲ್ಲಿ ಬಹಳ ಕಡಿಮೆ. ನಮ್ಮ ನಾಡಿನಲ್ಲಿಯೂ ಈ ಅಳತೆ ನಡೆದಿದೆ: ಯೋಗಾಭ್ಯಾಸ ಮಾಡಿದ ಖಿನ್ನತೆಯ ರೋಗಿಗಳ ಸೀರಂನಲ್ಲಿ ಪ್ರೋಟೀನು ಹೆಚ್ಚಿತೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2013ರಲ್ಲಿ ವರದಿಮಾಡಿದರು. ಇದು ಗಮನಾರ್ಹವೇ, ಆದರೂ ಹೆಚ್ಚಳವಾದುದು ಮಿದುಳಿನಲ್ಲಿಯೇ ಎಂಬುದು ಅಷ್ಟರಿಂದ ಸಿದ್ಧವಾಗದು. ಯಕೃತ್ತಿನ ವಿಷಯದಲ್ಲಂತೂ ತೊಡಕು ಇನ್ನೂ ಹೆಚ್ಚು. ರೋಗ ಬಲಿತು ಯಕೃತ್ತು ಗಡುಸಾದಾಗ ಪ್ಲೇಟ್‌ಲೆಟ್‌ಗಳ ಸಂಖ್ಯೆಯೇ ಇಳಿಯುತ್ತದೆ. ಅಂಥ ರೋಗಿಯ ಸೀರಂನಲ್ಲಿ ಪ್ರೋಟೀನು ಕಡಿಮೆಯಿದ್ದರೆ ಅದು ರೋಗದ ಕಾರಣವೋ, ಪರಿಣಾಮವೋ? ಒಂದೇ ದಿನ ತೆಗೆದ ರಕ್ತ ಇದಕ್ಕೆ ಉತ್ತರ ಕೊಡಲಾರದು.

ಹಾಗೆಂದು ಸಂಬಂಧವೇ ಇಲ್ಲವೆನ್ನಲಾಗದು. ಈ ಪ್ರೋಟೀನಿನ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳು ಅತಿಯಾಗಿ ತಿಂದು ಕೊಬ್ಬಿದುದು 2000ದ ಹೊತ್ತಿಗೆ ಪ್ರಯೋಗಗಳಿಂದ ತಿಳಿದುಬಂದಿತ್ತು. ಹುಟ್ಟಿನಿಂದಲೇ ಅದೇ ಕೊರತೆಯುಳ್ಳ ಮಕ್ಕಳಿಗೆ 10 ವರ್ಷ ತುಂಬುವುದರೊಳಗೆ ಬೊಜ್ಜು ಬಂದುದನ್ನು 2008ರ ಅಧ್ಯಯನವೊಂದು ತೋರಿಸಿತು. ಇಲ್ಲಿ ಕಾರಣ ಮೊದಲು, ಕಾರ್ಯ ಅನಂತರ, ಸಾಕ್ಷ್ಯ ಬಲವಾದುದು. ಆದರೆ ಅದು ಸೂಚಿಸುವ ದಾರಿ ಮಿದುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುವುದಿಲ್ಲ. ಹಸಿವು, ಊಟ, ಬೊಜ್ಜು ಇವುಗಳ ಮೂಲಕ ಹೋಗುತ್ತದೆ.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಮದ್ಯ ಮುಟ್ಟದವರಿಗೂ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಅಂಥವರು ತುಮಕೂರಿನಲ್ಲಾಗಲಿ ಕುಣಿಗಲಿನಲ್ಲಾಗಲಿ ಪರೀಕ್ಷೆಯ ಚೀಟಿ ಹಿಡಿದು ನಿಂತಾಗ, ಅರೆಬೆಂದ ವಾದವನ್ನು ನಂಬಿ ಮಿದುಳಿನ ಪ್ರೋಟೀನು ಹೆಚ್ಚಿಸುವುದೆಂಬ ಮಾತ್ರೆಗೆ ಹಣ ತೆರುವಂತಾಗಬಾರದು. ಬೊಜ್ಜುಳ್ಳವರು ದೇಹದ ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿಕೊಂಡರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುವುವೆಂಬುದು ಚೆನ್ನಾಗಿ ಪರೀಕ್ಷಿತವಾದ ಸಂಗತಿ. ಪ್ರೋಟೀನಿನ ವಾದಕ್ಕೆ ಇನ್ನೂ ಆ ಬಲ ಬಂದಿಲ್ಲ. ಶಾಸನದ ಪಾಠವನ್ನು ಪರೀಕ್ಷಿಸದೆ ಒಪ್ಪದ ನಮ್ಮ ವಿದ್ಯಾರ್ಥಿಗಳು ರಕ್ತದ ಸಾಕ್ಷ್ಯವನ್ನೂ ಅದೇ ಎಚ್ಚರದಿಂದ ಓದಬೇಕೆಂಬುದೇ ಈ ಲೇಖನದ ಆಶಯ.