ಗಟ್ಟಿ ಸೂಟ್‌ಕೇಸಿನ ಜಾಗ ವಿಮಾನದ ಹೊಟ್ಟೆಯಲ್ಲಿ

ಲಗೇಜು ಅಂಗಡಿಗಳಲ್ಲಿ ಈಗ ಸೂಟ್‌ಕೇಸು ಒಂಟಿಯಾಗಿ ಮಾರಾಟವಾಗುವುದು ಕಡಿಮೆ. ಮೂರರ ಸೆಟ್ಟು ಕೊಂಡರೆ ರಿಯಾಯಿತಿ. ಒಂದೇ ಬಣ್ಣ, ಒಂದೇ ಅಚ್ಚು. ದೊಡ್ಡದರೊಳಗೆ ಮಧ್ಯಮ, ಮಧ್ಯಮದೊಳಗೆ ಚಿಕ್ಕದು. ಚಿಕ್ಕದು ಕ್ಯಾಬಿನ್‌ಗೆ, ಮಿಕ್ಕ ಎರಡು ಚೆಕ್‌-ಇನ್‌ಗೆ. ಮೂರಕ್ಕೂ ಅದೇ ಗಟ್ಟಿ ಚಿಪ್ಪು, ಅದೇ ನಾಲ್ಕು ಚಕ್ರ. ಒಂದು ಕಡೆ ಒಳ್ಳೆಯದಾದ ಪೆಟ್ಟಿಗೆ ಎಲ್ಲ ಕಡೆಯೂ ಒಳ್ಳೆಯದೇ ಎಂಬ ನಂಬಿಕೆ ಈ ಸೆಟ್ಟಿನ ಬೆನ್ನಿಗಿದೆ. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸೀಟಿನ ಮೇಲಿನ ಗೂಡಿಗೆ ಹೋಗುವ ಚೀಲಕ್ಕೂ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಗೂ ಬೇಕಾದ ಗುಣಗಳು ಬೇರೆ, ಕೆಲವಂತೂ ತದ್ವಿರುದ್ಧ. ಗಟ್ಟಿ ಚಿಪ್ಪು ತನ್ನ ಬೆಲೆಗೆ ತಕ್ಕಂತೆ ದುಡಿಯುವುದು ಚೆಕ್‌-ಇನ್ ಲಗೇಜಿನಲ್ಲಿ. ಕ್ಯಾಬಿನ್ನಿನಲ್ಲಿ, ಅದರಲ್ಲೂ ನಮ್ಮ ದೇಶದ ನಿಯಮಗಳಡಿ ಹಾರುವವರಿಗೆ, ಅದು ಬಹುಮಟ್ಟಿಗೆ ಹೊರೆ.

ಮೊದಲು ಕ್ಯಾಬಿನ್ ಲೆಕ್ಕ ನೋಡೋಣ. ನಮ್ಮ ವಿಮಾನಗಳ ಇಕಾನಮಿ ದರ್ಜೆಯಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿನ ಮಿತಿ 7 ಕಿಲೋ; ಅಳತೆ ಸಾಮಾನ್ಯವಾಗಿ 55, 35, 25 ಸೆಂಟಿಮೀಟರ್. ಗಲ್ಫ್‌ನ ದೊಡ್ಡ ವಿಮಾನ ಸಂಸ್ಥೆಗಳೂ ಇಕಾನಮಿಯಲ್ಲಿ 7 ಕಿಲೋಗೇ ಗೆರೆ ಎಳೆದಿವೆ. ಚಕ್ರ, ಎಳೆಯುವ ಹಿಡಿ, ಗಟ್ಟಿ ಚಿಪ್ಪು ಎಲ್ಲ ಸೇರಿದ ಚಿಕ್ಕ ಸೂಟ್‌ಕೇಸು ಖಾಲಿ ಇದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಅಂದರೆ ಒಂದು ಅಂಗಿಯನ್ನೂ ಇಡುವ ಮೊದಲೇ ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಗಿರುತ್ತದೆ. ಚಕ್ರವಿಲ್ಲದ, ಒಳ್ಳೆಯ ನೈಲಾನಿನ ಬೆನ್ನುಚೀಲ ಒಂದು ಕಿಲೋ ಆಸುಪಾಸಿನಲ್ಲಿ ಸಿಗುತ್ತದೆ. ಉಳಿಯುವ ಒಂದೂವರೆ ಎರಡು ಕಿಲೋದಲ್ಲಿ ಲ್ಯಾಪ್‌ಟಾಪು, ಅದರ ಚಾರ್ಜರು ಸುಲಭವಾಗಿ ಸೇರುತ್ತವೆ. ಎರಡು ದಿನದ ಕೆಲಸಕ್ಕೆ ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿಬರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯ ತೊಂದರೆ ಅಳತೆಯದು. ಕೌಂಟರಿನ ಪಕ್ಕದಲ್ಲಿಟ್ಟ ಅಳತೆಯ ಚೌಕಟ್ಟಿಗೆ ಮೆತ್ತನೆಯ ಬ್ಯಾಗನ್ನು ಸ್ವಲ್ಪ ಒತ್ತಿದರೆ ಇಳಿಯುತ್ತದೆ. ಗಟ್ಟಿ ಚಿಪ್ಪು ಒಂದು ಸೆಂಟಿಮೀಟರ್ ಹೆಚ್ಚಿದ್ದರೂ ಹೊರಗೇ ನಿಲ್ಲುತ್ತದೆ. ನಾಲ್ಕು ದಿಕ್ಕಿಗೂ ತಿರುಗುವ ಚಕ್ರಗಳು ಪೆಟ್ಟಿಗೆಯಿಂದ ಕೆಳಕ್ಕೆ ಚಾಚಿಕೊಂಡಿರುತ್ತವೆ. ಆ ಎತ್ತರವೂ 55ರೊಳಗೇ ಬರಬೇಕು. ಹಾಗಾಗಿ ಹೊರಗಿನಿಂದ 48 ಲೀಟರಿನ ಆಕಾರಕ್ಕೆ ಒಳಗೆ ಸಿಗುವ ಜಾಗ 35–38 ಲೀಟರಿನಷ್ಟೇ. ದೇಶ ಬದಲಾದರೆ ಅಳತೆಯೂ ಬದಲಾಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹಾರುವ ಲುಫ್ತಾನ್ಸಾದ ನಿಯಮ 55, 40, 23. ತೂಕ 8 ಕಿಲೋ. ಅಗಲ ಐದು ಸೆಂಟಿಮೀಟರ್ ಹೆಚ್ಚು, ದಪ್ಪ ಎರಡು ಸೆಂಟಿಮೀಟರ್ ಕಡಿಮೆ. ಇಲ್ಲಿಯ 25ರ ಲೆಕ್ಕಕ್ಕೆ ಅಚ್ಚುಹಾಕಿದ ಪೆಟ್ಟಿಗೆ ಅಲ್ಲಿ ನಿಯಮ ಮೀರಿದ್ದಾಗುತ್ತದೆ. ಮೆತ್ತನೆಯ ಬ್ಯಾಗು ಎರಡೂ ಕಡೆ ಹೊಂದಿಕೊಳ್ಳುತ್ತದೆ.

ಮೂರನೆಯದು ತೆರೆಯುವ ರೀತಿ. ಈಗಿನ ಹಾರ್ಡ್‌ಶೆಲ್‌ಗಳಲ್ಲಿ ಹೆಚ್ಚಿನವು ನಡುವೆ ಸೀಳಿ ಎರಡು ಸಮ ಹೋಳಾಗಿ ತೆರೆದುಕೊಳ್ಳುತ್ತವೆ. ಹೋಟೆಲಿನ ಕೋಣೆಯಲ್ಲಿ ಅದು ನಡೆದೀತು. ಭದ್ರತಾ ತಪಾಸಣೆಯ ಸಾಲಿನಲ್ಲಿ, ಹಿಂದೆ ಜನ ಕಾಯುತ್ತಿರುವಾಗ, ಒಂದು ಚಾರ್ಜರಿಗಾಗಿ ಇಡೀ ಪೆಟ್ಟಿಗೆಯನ್ನು ಹರವಿ ಕೂರುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು. ಕ್ಯಾಬಿನ್ ಬ್ಯಾಗಿನಿಂದ ನಾವು ಪದೇಪದೇ ವಸ್ತು ತೆಗೆಯುತ್ತೇವೆ: ಪಾಸ್‌ಪೋರ್ಟು, ಮಾತ್ರೆ, ಕನ್ನಡಕ, ಶಾಲು. ಅದಕ್ಕೆ ಬೇಕಾದುದು ಹೊರಜೇಬು. ಗಟ್ಟಿ ಚಿಪ್ಪಿಗೆ ಸಾಮಾನ್ಯವಾಗಿ ಹೊರಜೇಬು ಇರುವುದಿಲ್ಲ. ಇದ್ದರೆ ಅದರ ತೂಕ ಇನ್ನೂ ಏರುತ್ತದೆ.

ಕರ್ನಾಟಕದ ಒಳಗೇ ಹಾರುವವರಿಗೆ ಇನ್ನೊಂದು ಮಾತಿದೆ. ನಮ್ಮ ಚಿಕ್ಕ ಊರುಗಳ ನಿಲ್ದಾಣಗಳಿಗೆ ಬರುವ ಎಟಿಆರ್ 72, ಎಂಬ್ರೇಯರ್ 145ರಂಥ ವಿಮಾನಗಳಲ್ಲಿ ಸೀಟಿನ ಮೇಲಿನ ಗೂಡು ಚಿಕ್ಕದು. ನಿಯಮಕ್ಕೆ ಒಳಪಟ್ಟ ಸೂಟ್‌ಕೇಸನ್ನೂ ವಿಮಾನದ ಮೆಟ್ಟಿಲ ಬಳಿ ಪಡೆದು ಹೊಟ್ಟೆಗೆ ಹಾಕುವುದುಂಟು. ಹಾಗೆ ಕೊಡುವಾಗ ಪವರ್ ಬ್ಯಾಂಕನ್ನು ಮರೆಯದೆ ತೆಗೆದಿಟ್ಟುಕೊಳ್ಳಬೇಕು. ಬಿಡಿ ಲಿಥಿಯಂ ಬ್ಯಾಟರಿಗಳು ಪ್ರಯಾಣಿಕರ ಜೊತೆ ಕ್ಯಾಬಿನ್ನಿನಲ್ಲೇ ಇರಬೇಕು, ಕೆಳಗಿನ ಹೊಟ್ಟೆಗೆ ಹೋಗಕೂಡದು ಎಂಬುದು ಎಲ್ಲ ದೇಶಗಳಲ್ಲೂ ಇರುವ ನಿಯಮ. ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಆರಿಸಬಹುದು, ಕೆಳಗೆ ಕೈ ಎಟುಕುವುದಿಲ್ಲ. ಕೆಲವು ಕ್ಯಾಬಿನ್ ಸೂಟ್‌ಕೇಸುಗಳಲ್ಲಿ ಫೋನ್ ಚಾರ್ಜ್ ಮಾಡುವ ಬ್ಯಾಟರಿ ಕೂರಿಸಿಯೇ ಇರುತ್ತದೆ. ಅದನ್ನು ಬಿಚ್ಚಿ ತೆಗೆಯಲು ಬಾರದಿದ್ದರೆ ಅಂಥ ಪೆಟ್ಟಿಗೆ ಕೊಳ್ಳಲೇಬಾರದು.

ಕ್ಯಾಬಿನ್ನಿನಲ್ಲಿ ಗಟ್ಟಿ ಚಿಪ್ಪು ಸಲ್ಲುವ ಸಂದರ್ಭಗಳೂ ಇವೆ, ಅವನ್ನು ಮರೆಮಾಚಬಾರದು. ಕ್ಯಾಮೆರಾ, ಲೆನ್ಸು ಒಯ್ಯುವವರಿಗೆ ಅದರ ರಕ್ಷಣೆ ಬೇಕು. ಬೆನ್ನುನೋವು, ಭುಜದ ನೋವು ಇರುವವರಿಗೆ ಚಕ್ರವೇ ದೊಡ್ಡ ಉಪಕಾರ. ಅಮೆರಿಕದ ಒಳಗೆ ಹಾರುವ ದೊಡ್ಡ ಸಂಸ್ಥೆಗಳು ಕೈಬ್ಯಾಗನ್ನು ಸಾಮಾನ್ಯವಾಗಿ ತೂಗುವುದಿಲ್ಲ, ಅಳತೆಯನ್ನಷ್ಟೇ ನೋಡುತ್ತವೆ. ಚಕ್ರದ ಮೇಲೆ ನೆಟ್ಟಗೆ ನಿಲ್ಲುವ ಕ್ಯಾಬಿನ್ ಬ್ಯಾಗು ಹುಟ್ಟಿದ್ದೂ ಅಲ್ಲಿಯೇ: 1987ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಪೈಲಟ್ ರಾಬರ್ಟ್ ಪ್ಲಾತ್ ವಿಮಾನ ಸಿಬ್ಬಂದಿಗಾಗಿ ಅದನ್ನು ರೂಪಿಸಿದರು. ತೂಕದ ಚಿಂತೆಯಿಲ್ಲದ ಕಡೆಯಿಂದ ಬಂದ ಮಾದರಿಯನ್ನು 7 ಕಿಲೋ ಮಿತಿಯ ನಾಡಿನಲ್ಲಿ ಹಾಗೆಯೇ ಒಪ್ಪಿಕೊಂಡಿರುವುದೇ ನಮ್ಮ ಸಮಸ್ಯೆ.

ಈಗ ವಿಮಾನದ ಹೊಟ್ಟೆಗೆ ಬರೋಣ. ಕೌಂಟರಿನಲ್ಲಿ ಚೀಟಿ ಅಂಟಿಸಿಕೊಂಡ ಪೆಟ್ಟಿಗೆ ಬೆಲ್ಟಿನಿಂದ ಬೆಲ್ಟಿಗೆ ಜಾರುತ್ತದೆ, ತಿರುವುಗಳಲ್ಲಿ ಅಂಚಿಗೆ ಬಡಿಯುತ್ತದೆ, ಗಾಡಿಗೆ ಏರುತ್ತದೆ, ಮಳೆಯಲ್ಲಿ ನಿಲ್ಲುತ್ತದೆ. ಬೋಯಿಂಗ್ 777ರಂಥ ದೊಡ್ಡ ವಿಮಾನಗಳಲ್ಲಿ ಅದು ಕಂಟೇನರಿನೊಳಗೆ ಕೂರುತ್ತದೆ. ನಮ್ಮ ಒಳನಾಡಿನ ಮಾರ್ಗಗಳ ಎ320, 737ಗಳಲ್ಲಿ ಲಗೇಜನ್ನು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಕೈಯಿಂದಲೇ ಪೇರಿಸುತ್ತಾರೆ. ಆ ಜಾಗ ನೆಟ್ಟಗೆ ನಿಲ್ಲಲಾಗದಷ್ಟು ತಗ್ಗು. ಕೆಲಸಗಾರರು ಮೊಣಕಾಲೂರಿ ಕೂತು, ಬಾಗಿಲ ಬಳಿಯಿಂದ ಬಂದ ಪೆಟ್ಟಿಗೆಗಳನ್ನು ಹಿಂದಕ್ಕೆ ತಳ್ಳಿ ಒಂದರ ಮೇಲೊಂದು ಜೋಡಿಸುತ್ತಾರೆ. ಅಡಿಗೆ ಸಿಕ್ಕಿದ ಪೆಟ್ಟಿಗೆ ಇಡೀ ಪ್ರಯಾಣ ಮೇಲಿನವುಗಳ ಭಾರ ಹೊತ್ತಿರುತ್ತದೆ. ಬಡಿತ, ಒತ್ತಡ, ನೀರು ಈ ಮೂರನ್ನೂ ತಡೆಯಲು ಬಟ್ಟೆಯ ಬ್ಯಾಗಿಗಿಂತ ಗಟ್ಟಿ ಚಿಪ್ಪು ಮೇಲು.

ಆದರೆ ಗಟ್ಟಿ ಎಂದು ಮಾರುವುದೆಲ್ಲ ಗಟ್ಟಿಯಲ್ಲ. ಅಗ್ಗದ ಪೆಟ್ಟಿಗೆಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು; ನಮ್ಮ ಎಷ್ಟೋ ಹೆಲ್ಮೆಟ್ಟುಗಳ ಹೊರಚಿಪ್ಪೂ ಅದೇ. ಅದು ಬಿರುಸು, ಬಾಗುವುದು ಕಡಿಮೆ. ತೆಳುವಾಗಿದ್ದರೆ ಮೂಲೆಗೆ ಬಲವಾದ ಪೆಟ್ಟು ಬಿದ್ದಾಗ ಬಿರಿಯುತ್ತದೆ. ಪಾಲಿಕಾರ್ಬೊನೇಟ್ ಹಾಗಲ್ಲ, ಪೆಟ್ಟಿಗೆ ಒಳಕ್ಕೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಜರ್ಮನಿಯ ರಿಮೋವಾ 2000ನೇ ಇಸವಿಯಲ್ಲಿ ಪಾಲಿಕಾರ್ಬೊನೇಟ್ ಸೂಟ್‌ಕೇಸು ತಂದ ಮೇಲೆ ಅದು ಈ ಉದ್ಯಮದ ಮುಖ್ಯ ವಸ್ತುಗಳಲ್ಲಿ ಒಂದಾಯಿತು. ಪಾಲಿಪ್ರೊಪಿಲೀನ್ ಇನ್ನೊಂದು ಒಳ್ಳೆಯ ಆಯ್ಕೆ: ಮನೆಯ ಪ್ಲಾಸ್ಟಿಕ್ ಕುರ್ಚಿಯ ವಸ್ತು, ಹಗುರ, ಬಾಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಅಲ್ಯೂಮಿನಿಯಂ ನೋಡಲು ಚೆಂದ. ಆದರೆ ಭಾರ, ಒಮ್ಮೆ ತಗ್ಗು ಬಿದ್ದರೆ ಹಾಗೇ ಉಳಿಯುತ್ತದೆ. ಪಾಲಿಕಾರ್ಬೊನೇಟ್ ಎಂದು ಬರೆದ ಎಷ್ಟೋ ಪೆಟ್ಟಿಗೆಗಳು ಎಬಿಎಸ್ ಮೇಲೆ ಅದರ ತೆಳು ಪದರ ಹಚ್ಚಿದವು, ಇಲ್ಲವೇ ಎರಡರ ಮಿಶ್ರಣ. ಲೇಬಲ್ಲಿನಲ್ಲಿ ಎರಡು ಹೆಸರಿದ್ದರೆ ಅಂಗಡಿಯವರನ್ನು ಬಿಡದೆ ಕೇಳಬೇಕು.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ಚಿಪ್ಪಿನ ನಡುಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಒಳಕ್ಕೆ ಹೋಗಿ ಚಿಮ್ಮಿ ಹೊರಬಂದರೆ ಒಳ್ಳೆಯ ಲಕ್ಷಣ. ಒತ್ತಿದಲ್ಲಿ ಬಿಳಿಚಿದರೆ ಆ ಪೆಟ್ಟಿಗೆ ಬೇಡ. ಬಳಿಕ ಒಳಗಿನ ಅಸ್ತರಿನ ಜಿಪ್ಪು ತೆರೆದು ಚಕ್ರ ಕೂರಿಸಿದ ಜಾಗ ನೋಡಿ. ಸ್ಕ್ರೂ ಇದ್ದರೆ ಚಕ್ರ ಮುರಿದಾಗ ಬದಲಿಸಬಹುದು. ರಿವೆಟ್ ಹೊಡೆದಿದ್ದರೆ ರಿಪೇರಿಯವರೂ ಪರದಾಡಬೇಕು. ಎಳೆಯುವ ಹಿಡಿಯನ್ನು ಪೂರ್ತಿ ಎತ್ತಿ ಅತ್ತಿತ್ತ ಅಲುಗಿಸಿ. ಖಾಲಿ ಪೆಟ್ಟಿಗೆಯಲ್ಲೇ ಗಡಗಡ ಎಂದರೆ 20 ಕಿಲೋ ತುಂಬಿದಾಗ ಅದು ಉಳಿಯದು. ಚಿಪ್ಪು ಒಡೆಯುವ ಮೊದಲೇ ಕೈಕೊಡುವುದು ಹೆಚ್ಚಾಗಿ ಚಕ್ರ, ಹಿಡಿ ಮತ್ತು ಜಿಪ್ಪು. ಬಣ್ಣಕ್ಕೆ ಕೊಡುವ ಗಮನದ ಕಾಲುಭಾಗವನ್ನು ಈ ಮೂರಕ್ಕೆ ಕೊಟ್ಟರೂ ಸಾಕು.

ಜಿಪ್ಪಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸುರುಳಿ ಹಲ್ಲಿನ ಸಾದಾ ಜಿಪ್ಪನ್ನು ಬೀಗಕ್ಕೆ ಕೈಹಚ್ಚದೆಯೇ ಪೆನ್ನಿನ ಮೊನೆಯಿಂದ ಬಿಡಿಸಬಹುದು. ಜಿಪ್ಪಿಲ್ಲದೆ ಚೌಕಟ್ಟು, ಕೊಂಡಿಗಳಿಂದ ಮುಚ್ಚುವ ಪೆಟ್ಟಿಗೆ ಇದಕ್ಕೆ ಉತ್ತರ. ಅದು ಸ್ವಲ್ಪ ಭಾರ, ಆದರೆ ಚೆಕ್‌-ಇನ್‌ಗೆ ಹೆಚ್ಚು ಭದ್ರ. ಟಿಎಸ್‌ಎ ಬೀಗಕ್ಕೆ ಅರ್ಥವಿರುವುದು ಮುಖ್ಯವಾಗಿ ಅಮೆರಿಕಕ್ಕೆ ಹೋಗುವವರಿಗೆ. ಅಲ್ಲಿಯ ಅಧಿಕಾರಿಗಳು ಬೀಗ ಒಡೆಯದೆ ತಮ್ಮ ಕೀಲಿಯಿಂದ ತೆರೆಯಲು ಅದು ಅನುಕೂಲ. ಆ ಕೀಲಿಗಳ ಚಿತ್ರ ಹೊರಬಿದ್ದು, 2015ರಲ್ಲಿ ಜನ ಅವುಗಳ ನಕಲನ್ನು ತ್ರೀ-ಡಿ ಮುದ್ರಣದಲ್ಲಿ ತೆಗೆದದ್ದೂ ಆಗಿದೆ. ಆದ್ದರಿಂದ ಬೆಲೆಬಾಳುವುದನ್ನು ಬೀಗ ನಂಬಿ ಕೆಳಗೆ ಕಳಿಸಬಾರದು.

ಗಾತ್ರದಲ್ಲಿ ನಮ್ಮ ಜನ ಎಡವುವುದೇ ಹೆಚ್ಚು. ಒಳನಾಡಿನ ಇಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ಸಿಗುವುದು 15 ಕಿಲೋ. ಅಮೆರಿಕಕ್ಕೆ ಹೋಗುವವರಿಗೆ ಹೆಚ್ಚಾಗಿ 23 ಕಿಲೋದ ಎರಡು ಪೆಟ್ಟಿಗೆ. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು. ಆ ಮಿತಿಗೆ ತಾಗುವ ದೊಡ್ಡ ಪೆಟ್ಟಿಗೆಯ ಒಳಗೆ ಸುಮಾರು 100 ಲೀಟರ್ ಜಾಗ, ಖಾಲಿ ತೂಕ ನಾಲ್ಕೂವರೆ ಐದು ಕಿಲೋ. ಚಳಿಗಾಲದ ಬಟ್ಟೆ ತುಂಬಲು ಅದು ಸರಿ. ಆದರೆ ಮಗಳ ಬಾಣಂತನಕ್ಕೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿರುವುದು ಹುಳಿಪುಡಿ, ಚಟ್ನಿಪುಡಿ, ರಾಗಿಹಿಟ್ಟು, ಲೇಹ್ಯ, ಉಪ್ಪಿನಕಾಯಿ. ಇವೆಲ್ಲ ಕಡಿಮೆ ಜಾಗದಲ್ಲಿ ಹೆಚ್ಚು ತೂಗುವ ವಸ್ತುಗಳು. ದೊಡ್ಡ ಪೆಟ್ಟಿಗೆ ಅರ್ಧ ತುಂಬುವಷ್ಟರಲ್ಲಿ 23 ದಾಟಿರುತ್ತದೆ. ಖಾಲಿ ಉಳಿದ ಜಾಗ ಇನ್ನಷ್ಟು ತುಂಬಿಸು ಎನ್ನುತ್ತದೆ. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಪೊಟ್ಟಣ ಹೊರತೆಗೆಯುವ ಸಂಕಟ ಅಲ್ಲಿಂದಲೇ ಶುರು. ಅಡುಗೆಮನೆಯ ಸಾಮಾನು ಒಯ್ಯುವವರಿಗೆ 65 ಸೆಂಟಿಮೀಟರ್ ಆಸುಪಾಸಿನ ಮಧ್ಯಮ ಪೆಟ್ಟಿಗೆಯೇ ಸರಿ.

ಈ ಸಾಮಾನಿಗೆ ಗಟ್ಟಿ ಚಿಪ್ಪು ಬೇಕಾದ ಇನ್ನೊಂದು ಕಾರಣವೂ ಇದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯ ತುಪ್ಪ, ಎಣ್ಣೆ ಕೈಲಗೇಜಿನಲ್ಲಿ ಸಾಗುವುದಿಲ್ಲ, ಕೆಳಗೇ ಹೋಗಬೇಕು. ಬಟ್ಟೆಯ ಬ್ಯಾಗಿನಲ್ಲಿ ಉಪ್ಪಿನಕಾಯಿ ಡಬ್ಬಿ ಒತ್ತಡಕ್ಕೆ ಬಿರಿದರೆ ಎಣ್ಣೆ ಪಕ್ಕದವರ ಲಗೇಜಿಗೂ ಇಳಿಯುತ್ತದೆ. ಗಟ್ಟಿ ಚಿಪ್ಪು ಡಬ್ಬಿಯ ಮೇಲೆ ಬೀಳುವ ಒತ್ತಡವನ್ನು ಕಡಿಮೆ ಮಾಡುತ್ತದೆ, ಸೋರಿದ್ದನ್ನು ಬಹುಪಾಲು ತನ್ನಲ್ಲೇ ಹಿಡಿದಿಡುತ್ತದೆ. ಕೊಬ್ಬರಿ ಗಿಟುಕನ್ನು ಮಾತ್ರ ಯಾವ ಪೆಟ್ಟಿಗೆಯಲ್ಲೂ ಇಡಬಾರದು. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ಅದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ತಿಪಟೂರಿನ ಒಳ್ಳೆಯ ಕೊಬ್ಬರಿ ತಪಾಸಣೆಯಲ್ಲೇ ಉಳಿದುಹೋದರೆ ದುಃಖವೊಂದೇ ಲಾಭ.

ಕಾನೂನು ಕೂಡ ಎರಡು ಲಗೇಜುಗಳನ್ನು ಬೇರೆಯಾಗಿಯೇ ನೋಡುತ್ತದೆ. ಭಾರತವು 2009ರಲ್ಲಿ ಸೇರಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಯ ವಶದಲ್ಲಿದ್ದಾಗ ಚೆಕ್‌-ಇನ್ ಲಗೇಜು ಹಾಳಾದರೆ ಸಂಸ್ಥೆಯ ತಪ್ಪನ್ನು ನಾವು ಸಾಬೀತು ಮಾಡಬೇಕಿಲ್ಲ. ಕೈಬ್ಯಾಗಿನ ವಿಷಯದಲ್ಲಿ ತಪ್ಪು ಅವರದೇ ಆಗಿದ್ದರೆ ಮಾತ್ರ ಹೊಣೆ. ಆದರೆ ಪೆಟ್ಟಿಗೆಯ ಸ್ವಂತ ದೋಷದಿಂದಲೇ ಆದ ಹಾನಿಗೆ ಪರಿಹಾರವಿಲ್ಲ. ಕಳಪೆ ಪೆಟ್ಟಿಗೆ ಕೊಂಡವರು ಇಲ್ಲಿ ಎರಡನೆಯ ಸಲ ಸೋಲುತ್ತಾರೆ. ಹಾನಿಯ ದೂರನ್ನು 7 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ವರದಿ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ.

ಹಾಗಾದರೆ ಕೊಳ್ಳುವುದೇನು? ಸೆಟ್ಟು ಬೇಡ. ಪಾಲಿಕಾರ್ಬೊನೇಟ್ ಅಥವಾ ಪಾಲಿಪ್ರೊಪಿಲೀನಿನ, ಸ್ಕ್ರೂ ಹಾಕಿದ ಚಕ್ರವಿರುವ ಒಂದು ಮಧ್ಯಮ ಗಟ್ಟಿ ಸೂಟ್‌ಕೇಸು. ಜೊತೆಗೆ ಹೊರಜೇಬಿರುವ ಒಂದು ಹಗುರ ಬೆನ್ನುಚೀಲ. ಮೂರು ಪೆಟ್ಟಿಗೆಗೆ ಹಂಚಿಹೋಗುತ್ತಿದ್ದ ಹಣವನ್ನು ಈ ಎರಡಕ್ಕೆ ಹಾಕಿದರೆ ಗುಣಮಟ್ಟದಲ್ಲಿ ಒಂದು ಮೆಟ್ಟಿಲು ಮೇಲೇರಬಹುದು. ತಯಾರಕರಲ್ಲಿ ಒಂದು ಬೇಡಿಕೆಯೂ ಇದೆ. ಲೀಟರು, ಬಣ್ಣ, ವಾರಂಟಿಯ ವರ್ಷಗಳನ್ನು ದಪ್ಪ ಅಕ್ಷರದಲ್ಲಿ ಹಾಕುವಂತೆ ಖಾಲಿ ತೂಕವನ್ನೂ ಚಕ್ರ ಸೇರಿದ ಹೊರ ಅಳತೆಯನ್ನೂ ಲೇಬಲ್ಲಿನ ಮೇಲ್ಭಾಗದಲ್ಲಿ ಮುದ್ರಿಸಲಿ. ಪ್ರಯಾಣಿಕರಿಗೆ ಮೊದಲು ಬೇಕಾದ ಸಂಖ್ಯೆಗಳು ಅವೇ.

ಕೊನೆಯ ಅಳತೆಗೋಲು ಮಾತ್ರ ಯಾವ ಲೇಬಲ್ಲಿನಲ್ಲೂ ಸಿಗುವುದಿಲ್ಲ. ಆ ಪೆಟ್ಟಿಗೆಯನ್ನು ಬೆಲ್ಟಿನಿಂದ ಇಳಿಸುವವರು, ಬಸ್ಸಿಗೆ ಹತ್ತಿಸುವವರು ಯಾರು? ಅರವತ್ತು ದಾಟಿದ ತಾಯಿ ಒಬ್ಬರೇ ಹೊರಟಿದ್ದರೆ ಟಿಕೆಟ್ಟು 23 ಕಿಲೋ ಕೊಟ್ಟಿದ್ದರೂ ಪೆಟ್ಟಿಗೆಗೆ 18 ಕಿಲೋ ಸಾಕು. ಮಿಕ್ಕ ಸಾಮಾನು ಅಲ್ಲಿಯ ಅಂಗಡಿಯಲ್ಲೂ ಸಿಕ್ಕೀತು. ಮಿತಿ ಇರುವುದು ದಾಟದಿರಲಿ ಎಂದೇ ಹೊರತು ತುಂಬಲೇಬೇಕು ಎಂದಲ್ಲ.